ಒಂದೇ ಪಾತ್ರೆ

"ಎಂಟು ಗಂಟೆಯೇ!" ಎಂದರು ಸುಬೇದಾರರು. "ಅಷ್ಟರಲ್ಲಿ ನಾನು ಬೆಂಗಳೂರು ಮುಟ್ಟಿ, ಹೋಟೆಲಿನಲ್ಲಿ ಪಂದಿಕರಿ ತಿಂದು, ಇದು ಪಂದಿಕರಿಯೇ ಅಲ್ಲವೆಂದು ಜಗಳವನ್ನೂ ಮುಗಿಸಿರುತ್ತೇನೆ."

"ನಿಧಾನವೇ ಅದರ ಗುಟ್ಟು," ಎಂದ ಮೊಣ್ಣಪ್ಪ. "ಬೆಳಿಗ್ಗೆ ಆರಕ್ಕೆ ಎಲ್ಲವನ್ನೂ ಹಾಕಿ ಗುಂಡಿ ತಿರುಗಿಸಿದ್ದೇನೆ. ಎರಡು ಗಂಟೆಗೆ ಊಟ. ನಡುವೆ ಕೈ ಹಚ್ಚುವ ಕೆಲಸವಿಲ್ಲ. ತೊಳೆಯುವುದಕ್ಕೂ ಒಂದೇ ಪಾತ್ರೆ ಎಂದು ಮಗಳು ಹೇಳಿದ್ದಾಳೆ."

ಕಕ್ಕಡ ತಿಂಗಳ ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ. ತೋಟಕ್ಕೆ ಇಳಿಯುವಂತಿಲ್ಲ, ಪೇಟೆಗೆ ಹೋಗುವಂತಿಲ್ಲ. ಇಂಥ ದಿನಗಳಲ್ಲಿ ಮಡಿಕೇರಿಯ ಜನ ಒಂದೋ ಹರಟೆಗೆ ಕೂರುತ್ತಾರೆ, ಇಲ್ಲವೇ ಆಸ್ತಿ ಪಾಲಿನ ವಿಷಯ ತೆಗೆಯುತ್ತಾರೆ. ಮೊಣ್ಣಪ್ಪನ ಹೆಂಡತಿ ಮಗಳ ಬಾಣಂತನಕ್ಕೆಂದು ಮೇ ತಿಂಗಳಲ್ಲೇ ಅಮೆರಿಕಕ್ಕೆ ಹೋಗಿದ್ದಳು. ಅತ್ತ ಅವಳು ಹೋದಳು, ಇತ್ತ ಯಾರದೋ ಸಾಮಾನಿನ ಜೊತೆ ನಿಧಾನವಾಗಿ ಬೇಯಿಸುವ ಈ ವಿದ್ಯುತ್ ಪಾತ್ರೆ ಬಂತು.

"ವಾಸನೆ ಬರುತ್ತಿಲ್ಲವಲ್ಲ," ಎನ್ನುತ್ತಾ ಸುಬೇದಾರರು ಮುಚ್ಚಳ ಎತ್ತಿದರು.

"ಎತ್ತಬೇಡಿ ಮಾರಾಯರೇ!" ಎಂದು ಮೊಣ್ಣಪ್ಪ ಎದ್ದೇ ನಿಂತ. "ಒಂದು ಸಲ ಮುಚ್ಚಳ ತೆಗೆದರೆ ಇಪ್ಪತ್ತರಿಂದ ಮೂವತ್ತು ನಿಮಿಷದ ಶಾಖ ಹೋಗುತ್ತದಂತೆ."

"ಹಾಗಾದರೆ ಊಟ ಎರಡೂವರೆಗೆ," ಎಂದು ಭಟ್ಟರು ಗಡಿಯಾರ ನೋಡಿಕೊಂಡರು. ಭಟ್ಟರು ಪಂದಿಕರಿ ತಿನ್ನುವವರಲ್ಲ, ತಿನ್ನುವವರನ್ನು ಬಿಟ್ಟಿರುವವರೂ ಅಲ್ಲ. ಮನೆಯಿಂದ ಅಕ್ಕಿರೊಟ್ಟಿಯ ಡಬ್ಬಿ ತಂದಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರಿಗೆ ಎಲ್ಲದರ ಚರಿತ್ರೆಯೂ ಗೊತ್ತು. "ಇದನ್ನು ನೀವು ಹಗುರವಾಗಿ ಕಾಣಬೇಡಿ. ಅಮೆರಿಕದಲ್ಲಿ ಇರ್ವಿಂಗ್ ನ್ಯಾಕ್ಸನ್ ಎಂಬಾತ 1940ರಲ್ಲೇ ಇದಕ್ಕೆ ಪೇಟೆಂಟ್ ಪಡೆದ. ಯಹೂದಿಗಳು ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಒಲೆ ಹಚ್ಚುವಂತಿಲ್ಲ, ಶನಿವಾರ ಸಬ್ಬತ್ತು ಎಂಬ ವಿಶ್ರಾಂತಿಯ ದಿನ. ಅದಕ್ಕೆ ಕಾಳು, ಮಾಂಸ ಎಲ್ಲವನ್ನೂ ಒಂದು ಮಡಕೆಗೆ ಹಾಕಿ ಮುಂಚೆಯೇ ಬೇಕರಿಯ ಗೂಡಿನಲ್ಲಿಟ್ಟು ಬರುತ್ತಿದ್ದರು. ರಾತ್ರಿಯೆಲ್ಲ ಆ ಉಳಿದ ಬಿಸಿಯಲ್ಲೇ ಬೇಯುತ್ತಿತ್ತು. ಚೋಲೆಂಟ್ ಎಂದು ಅದರ ಹೆಸರು. ಲಿಥುವೇನಿಯಾದ ಆ ಕತೆಯನ್ನು ಮನೆಯ ಹಿರಿಯರಿಂದ ಕೇಳಿ ಆತ ಈ ವಿದ್ಯುತ್ ಮಡಕೆ ಮಾಡಿದ. 1971ರಲ್ಲಿ ಇನ್ನೊಂದು ಕಂಪನಿ ಅದಕ್ಕೆ ಕ್ರಾಕ್‌ಪಾಟ್ ಎಂದು ಹೆಸರಿಟ್ಟು ಮಾರಿತು. ಹೊರಗೆ ದುಡಿಯುವ ಹೆಂಗಸರು ಬೆಳಿಗ್ಗೆ ಹಾಕಿ ಹೋದರೆ ಸಂಜೆಗೆ ಊಟ ಸಿದ್ಧ."

"ಶನಿವಾರ ಸೂರ್ಯ ಮುಳುಗಿದ ಮೇಲೆ ಆ ಮಡಕೆ ತೊಳೆದವರು ಯಾರು, ಅದನ್ನೂ ಬರೆದಿದ್ದಾರೆಯೇ?"

ಕೊಡೆ ಕೊಡವುತ್ತಾ ಮುತ್ತಮ್ಮಕ್ಕ ಒಳಗೆ ಬಂದಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು. ಈಗಲೂ ಅವರು ಕೇಳಿದರೆ ಉತ್ತರ ಬಾರದವರು ತಲೆ ತಗ್ಗಿಸುತ್ತಾರೆ. ಭಟ್ಟರು ಡಬ್ಬಿಯ ಮುಚ್ಚಳ ನೋಡಿದರು.

"ಒಂದೇ ಪಾತ್ರೆಯಕ್ಕಾ," ಎಂದ ಮೊಣ್ಣಪ್ಪ, ಹೊಸ ಕರುವನ್ನು ತೋರಿಸುವವನಂತೆ.

"ನೋಡಿದೆ. ಅದರ ಪಕ್ಕದಲ್ಲಿ ಇಟ್ಟಿಗೆಯಂಥದ್ದು ಏನು?"

"ಟ್ರಾನ್ಸ್‌ಫಾರ್ಮರ್. ಅಲ್ಲಿಯ ಕರೆಂಟು 120 ವೋಲ್ಟ್, ನಮ್ಮದು 230. ನೇರವಾಗಿ ಚುಚ್ಚಿದರೆ ಮಾಂಸಕ್ಕಿಂತ ಮೊದಲು ಪಾತ್ರೆಯೇ ಬೇಯುತ್ತದಂತೆ."

ಮುತ್ತಮ್ಮಕ್ಕ ಇನ್ನೇನೂ ಕೇಳದೆ ನೇರವಾಗಿ ಅಡುಗೆಮನೆಗೆ ಹೋದರು. ಬಚ್ಚಲ ಕಡೆಯಿಂದ ಅವರ ದನಿ ಕೇಳಿತು. "ಸುಬೇದಾರರೇ, ಲೆಕ್ಕ ಹಿಡಿಯಿರಿ. ಮಾಂಸ ತೊಳೆದ ಬೋಗುಣಿ ಒಂದು. ಅರಿಶಿನ, ಉಪ್ಪು, ಖಾರ ಹಚ್ಚಿಟ್ಟ ಪಾತ್ರೆ ಎರಡು. ಮಸಾಲೆ ಹುರಿದ ಬಾಣಲೆ ಮೂರು. ಒಣ ಮಸಾಲೆಯ ಸಣ್ಣ ಜಾರು ನಾಲ್ಕು. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ರುಬ್ಬಿದ ದೊಡ್ಡ ಜಾರು ಐದು. ಇದೇನು ಮೊಣ್ಣಪ್ಪ, ಇನ್ನೊಂದು ಬಾಣಲೆ?"

"ಮಾಂಸವನ್ನು ಮೊದಲು ಬೇರೆ ಬಾಣಲೆಯಲ್ಲಿ ಕೆಂಪಗೆ ಹುರಿದುಕೊಳ್ಳಬೇಕು ಎಂದು ಆ ಪುಸ್ತಕದಲ್ಲೇ ಇದೆ."

"ಒಂದೇ ಪಾತ್ರೆಯ ಪುಸ್ತಕದಲ್ಲಿ! ಆರು. ಕಡಂಬುಟ್ಟಿನ ಉಂಡೆಗೆ ಅಕ್ಕಿತರಿ ಕಾಯಿಸಿದ್ದು ಏಳು. ಹಬೆಯ ಪಾತ್ರೆ ಎಂಟು. ಆಮೇಲೆ ಆ ಒಂದೇ ಪಾತ್ರೆ."

"ಒಂಬತ್ತು," ಎಂದರು ಸುಬೇದಾರರು ಅಟೆನ್ಷನ್ನಿನಲ್ಲಿ. "ಭಟ್ಟರ ಡಬ್ಬಿ ಹತ್ತು."

"ನನ್ನ ಡಬ್ಬಿಯನ್ನು ಯಾಕೆ ಎಳೆಯುತ್ತೀರಿ?" ಎಂದರು ಭಟ್ಟರು. "ಈ ಒಂದೇ ಪಾತ್ರೆಯ ವಿದ್ಯೆ ನಮಗೆ ಹೊಸದಲ್ಲ. ಬಿಸಿಬೇಳೆ ಬಾತ್ ಏನು? ಪೊಂಗಲ್ ಏನು? ಅಕ್ಕಿ, ಬೇಳೆ, ತರಕಾರಿ ಎಲ್ಲವೂ ಒಂದೇ ಕುಕ್ಕರಿನಲ್ಲಿ."

"ಮಸಾಲೆ ಹುರಿಯುವುದು ಎಲ್ಲಿ? ಹುಣಸೆಹಣ್ಣು ನೆನೆಯುವುದು ಎಲ್ಲಿ? ತುಪ್ಪದ ಒಗ್ಗರಣೆ ಆಕಾಶದಲ್ಲಿ ಸಿಡಿಯುತ್ತದೆಯೇ? ನಿಮ್ಮ ಮನೆಯಲ್ಲಿ ಬಿಸಿಬೇಳೆ ಬಾತ್ ಊಟಕ್ಕೆ ಮಾತ್ರ ಒಂದು ಪಾತ್ರೆಯದ್ದು ಭಟ್ಟರೇ. ನೀವು ಕೈ ತೊಳೆದು ಎದ್ದ ಮೇಲೆ ಉಳಿದ ಪಾತ್ರೆಗಳು ಹುಟ್ಟಿಕೊಳ್ಳುತ್ತವೆ. ಒಂದು ಪಾತ್ರೆ, ಮೂವತ್ತು ನಿಮಿಷ, ಐದೇ ಸಾಮಗ್ರಿ ಎಂದು ದಿನವೂ ಮೊಬೈಲಿನಲ್ಲಿ ಬರುತ್ತದೆ. ತೊಳೆಯುವವಳು ಬರೆದ ಪಾಕವಿಧಾನ ಒಂದನ್ನಾದರೂ ತೋರಿಸಿ, ನಾನು ಈ ಪಾತ್ರೆಗೆ ನಮಸ್ಕಾರ ಹಾಕುತ್ತೇನೆ."

"ನಾನು ನನ್ನ ಪಾತ್ರೆಯನ್ನು ನಾನೇ ತೊಳೆದಿದ್ದೇನೆ," ಎಂದರು ಸುಬೇದಾರರು. "ಮೆಸ್ ಟಿನ್. ಅದರಲ್ಲೇ ಚಹಾ, ಅದರಲ್ಲೇ ದಾಲ್, ಅದರಲ್ಲೇ ಕ್ಷೌರದ ನೀರು. ಲೇಹ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಬೇಳೆ ಬೇಯುವುದೇ ಇಲ್ಲ, ಪ್ರೆಶರ್ ಕುಕ್ಕರ್ ಇಲ್ಲದಿದ್ದರೆ ಪಲ್ಟನ್ನಿಗೆ ಉಪವಾಸ."

"ಹಾಗಾದರೆ ಒಂದೇ ಪಾತ್ರೆಯ ಊಟವನ್ನು ಮೊದಲು ಕಂಡುಹಿಡಿದವರು ಸಿಪಾಯಿಗಳು," ಎಂದರು ಮುತ್ತಮ್ಮಕ್ಕ. "ಯಾಕೆಂದರೆ ಅಲ್ಲಿ ಹೆಂಡತಿ ಇರಲಿಲ್ಲ."

ಭಟ್ಟರು ಸೋಲುವವರಲ್ಲ. ತಮ್ಮಂಥ ಸಸ್ಯಾಹಾರಿಗೆ ಇದರಲ್ಲಿ ರಾಜ್ಮಾ ಹಾಕಿಟ್ಟರೆ ಬೆಣ್ಣೆಯಂತೆ ಬೇಯುತ್ತದೆ ಎಂದರು.

"ಬೇಯುತ್ತದೆ, ಜೊತೆಗೆ ನೀವೂ ಮಲಗುತ್ತೀರಿ. ಕೆಂಪು ರಾಜ್ಮಾದಲ್ಲಿ ಒಂದು ವಿಷವಿದೆ. ಹತ್ತು ನಿಮಿಷ ಕೊತಕೊತ ಕುದಿದರೆ ಮಾತ್ರ ಅದು ಸಾಯುತ್ತದೆ, ಇಂಥ ಮಂದ ಬಿಸಿಗೆ ಸಾಯುವುದಿಲ್ಲ. ರಾತ್ರಿ ನೆನೆಸಿ, ನೀರು ಚೆಲ್ಲಿ, ಬೇರೆ ಪಾತ್ರೆಯಲ್ಲಿ ಮೊದಲು ಕುದಿಸಬೇಕು."

"ನೆನೆಸುವುದು ಒಂದು, ಕುದಿಸುವುದು ಒಂದು," ಎಂದು ಸುಬೇದಾರರು ಬೆರಳು ಮಡಚಿದರು. ತಿನ್ನದ ರಾಜ್ಮಾವನ್ನು ಲೆಕ್ಕಕ್ಕೆ ಸೇರಿಸಬಾರದೆಂದು ಭಟ್ಟರು ಬ್ಯಾಂಕಿನ ನಿಯಮ ಹೇಳಿದ ಮೇಲೆ ಎರಡು ಬೆರಳನ್ನು ಬಿಡಿಸಿದರು.

ಅಷ್ಟರಲ್ಲಿ ಅಮೆರಿಕದಿಂದ ವಿಡಿಯೋ ಕರೆ ಬಂತು. ಮಗು ಮಲಗಿತ್ತು, ಅದನ್ನು ತೋರಿಸಿದರು. ಇತ್ತ ಮೊಣ್ಣಪ್ಪ ಮುಚ್ಚಳ ತೆಗೆದು ಮಾಂಸವನ್ನು ತೋರಿಸಿದ. "ಪಪ್ಪಾ, ಮುಚ್ಚಳ ತೆಗೆಯಬೇಡಿ!" ಎಂದು ಮಗಳು ಕೂಗಿದಳು. ತೋರಿಸಿ ಆಗಿತ್ತು. ಹೆಂಡತಿಗೆ ಸರಿಯಾಗಿ ಕಾಣಲಿಲ್ಲವೆಂದು ಮತ್ತೊಮ್ಮೆ ತೆಗೆದ. ಪಂದಿಕರಿಯ ಕಪ್ಪು ಹುಳಿ, ಕಾಚಂಪುಳಿ ಹಾಕಿದಿರಾ ಎಂದು ಅವಳು ಕೇಳಿದಳು. ಅದು ಕೊನೆಗೆ ಎಂದ ಇವನು. ಕೊನೆಗೆ ಎಂದರೆ ಮರೆಯುತ್ತೀರಿ, ಬಾಟಲಿ ಎಡಗಡೆ ಎರಡನೆಯ ಕಪಾಟಿನಲ್ಲಿದೆ ಎಂದಳು ಅವಳು.

"ಮೂರೂವರೆ," ಎಂದರು ಭಟ್ಟರು.

ಹಸಿವಿನ ಹೊತ್ತಿಗೆ ಕೊಡಗಿನವರು ಮಾತಾಡುವುದು ಹಳೆಯ ಊಟಗಳನ್ನೇ. ಸುಬೇದಾರರು ತಮ್ಮ ಕುಲದ ಐನ್‌ಮನೆಯ ಪುತ್ತರಿ ಹಬ್ಬದ ನೆನಪಿಗೆ ಹೋದರು. ಅರವತ್ತು ಜನಕ್ಕೆ ಒಂದೇ ತಾಮ್ರದ ಹಂಡೆ, ಕಿವಿಗಳಿಗೆ ಬಿದಿರು ತೂರಿಸಿ ನಾಲ್ಕು ಜನ ಇಳಿಸಬೇಕು. ಕಾಫಿ ಮರದ ಕೆಂಡ. ಹಿಂದಿನ ರಾತ್ರಿ ಇಟ್ಟರೆ ಮರುದಿನ ಬೆಳಿಗ್ಗೆ ಮೂಳೆಯಿಂದ ಮಾಂಸ ತಾನೇ ಬಿಡುತ್ತಿತ್ತು. "ಅದಲ್ಲವೇ ನಿಧಾನದ ಅಡುಗೆ? ಅದೂ ಒಂದೇ ಪಾತ್ರೆ."

"ಹೌದು, ಒಂದೇ. ತೊಳೆಯುವುದಕ್ಕೆ ಸೊಸೆಯಂದಿರು ಅದರೊಳಗೆ ಇಳಿಯಬೇಕಾಗಿತ್ತು," ಎಂದರು ಮುತ್ತಮ್ಮಕ್ಕ. "ನಾನು ಇಳಿದಿದ್ದೇನೆ, ಮದುವೆಯಾದ ವರ್ಷ. ಬೂದಿ, ಹುಣಸೆಹಣ್ಣು, ತೆಂಗಿನ ನಾರು. ಒಳಗೆ ಕೂತು ತಲೆ ಎತ್ತಿದರೆ ಆಕಾಶ ಗುಂಡಗೆ ಕಾಣುತ್ತಿತ್ತು. ಮೇಲಿನಿಂದ ನಾದಿನಿ ಬಗ್ಗಿ ನೋಡಿ ನಗುತ್ತಿದ್ದಳು. ಅವಳ ನಗು ಹಂಡೆಯೊಳಗೆ ಸುತ್ತಿ ಸುತ್ತಿ ಕೇಳುತ್ತಿತ್ತು."

ಸ್ವಲ್ಪ ಹೊತ್ತು ಮಳೆಯೇ ಮಾತಾಡಿತು.

"ಆ ಹಂಡೆ ಈಗ ಎಲ್ಲಿದೆ?" ಎಂದು ಭಟ್ಟರು ಕೇಳಿದರು.

"ಹೋಂಸ್ಟೇ ಮುಂದೆ. ಅದರಲ್ಲಿ ಆಂಥೂರಿಯಂ ನೆಟ್ಟಿದ್ದಾರೆ. ತೊಳೆಯುವ ಗೊಡವೆಯಿಲ್ಲ."

ಕರೆಂಟು ಹೋದದ್ದು ಆಗ. ಟ್ರಾನ್ಸ್‌ಫಾರ್ಮರಿನ ಗುಂಯ್ ಎನ್ನುವ ಸದ್ದು ನಿಂತ ಮೇಲೆಯೇ ಅದು ಇಷ್ಟು ಹೊತ್ತು ಇತ್ತೆಂದು ಎಲ್ಲರಿಗೂ ತಿಳಿಯಿತು. ಕಕ್ಕಡದಲ್ಲಿ ಹೋದ ಕರೆಂಟು ಸಂಜೆಗೆ ಬರಬಹುದು, ನಾಡಿದ್ದು ಬರಬಹುದು, ಮುರಿದು ಬಿದ್ದ ಮರದ ಮೇಲೆ ಅದು ನಿಂತಿದೆ.

"ಮುಚ್ಚಿಯೇ ಇದ್ದರೆ ಬಿಸಿ ಇರುತ್ತದೆ," ಎಂದ ಮೊಣ್ಣಪ್ಪ, ಸೋತ ದನಿಯಲ್ಲಿ.

"ಮಾಂಸ ಉಗುರುಬೆಚ್ಚಗೆ ಗಂಟೆಗಟ್ಟಲೆ ಇರಬಾರದು. 60 ಡಿಗ್ರಿಗಿಂತ ಕೆಳಗಿಳಿದರೆ ನಿನಗಿಂತ ಮೊದಲು ಕ್ರಿಮಿಗಳು ಊಟ ಮಾಡುತ್ತವೆ. ಗ್ಯಾಸಿನ ಮೇಲಿಡು."

"ಇದನ್ನು ಉರಿಯ ಮೇಲೆ ಇಡುವಂತಿಲ್ಲ. ಪಿಂಗಾಣಿ, ಸೀಳುತ್ತದೆ."

ಮುತ್ತಮ್ಮಕ್ಕ ಒಂದು ಮಾತೂ ಆಡಲಿಲ್ಲ. ಅಡುಗೆಮನೆಗೆ ಹೋಗಿ ಪ್ರೆಶರ್ ಕುಕ್ಕರ್ ತಂದು ಮೇಜಿನ ಮೇಲೆ ಇಟ್ಟರು.

"ಹನ್ನೊಂದು," ಎಂದರು ಸುಬೇದಾರರು ಮೆಲ್ಲಗೆ.

ನಾಲ್ಕು ಸೀಟಿಯಲ್ಲಿ ಮಾಂಸ ಬೆಂದಿತು. ಆ ಪಾತ್ರೆಯಲ್ಲಿ ಹಬೆ ಹೊರಗೆ ಹೋಗುವುದಿಲ್ಲವಾದ್ದರಿಂದ ರಸ ಸಾರಿನಂತೆ ನಿಂತಿತ್ತು. ಕುಕ್ಕರಿನ ಮುಚ್ಚಳ ತೆಗೆದು ಇನ್ನೂ ಕಾಲು ಗಂಟೆ ಕುದಿಸಿ ಇಂಗಿಸಿದರು. ಎಡಗಡೆ ಎರಡನೆಯ ಕಪಾಟಿನಿಂದ ಬಾಟಲಿ ಬಂತು, ಕಾಚಂಪುಳಿ ಬಿದ್ದ ಕೂಡಲೇ ಕರಿ ಕಪ್ಪಾಯಿತು, ಮನೆ ಪಂದಿಕರಿಯ ವಾಸನೆಗೆ ತಿರುಗಿತು. ಮೇಣದಬತ್ತಿಯ ಬೆಳಕಿನಲ್ಲಿ ಊಟ. ಸುಬೇದಾರರು ಎಂಟು ಕಡಂಬುಟ್ಟು ತಿಂದರು, ಅದನ್ನು ಮಾತ್ರ ಎಣಿಸಲಿಲ್ಲ. ಭಟ್ಟರು ಅಕ್ಕಿರೊಟ್ಟಿ ತಿನ್ನುತ್ತಾ ಮಸಾಲೆಯ ಪರಿಮಳವನ್ನು ದೂರದಿಂದಲೇ ಹೊಗಳಿದರು.

"ಈಗ ಹೇಳು ಮೊಣ್ಣಪ್ಪ," ಎಂದರು ಮುತ್ತಮ್ಮಕ್ಕ. "ಹನ್ನೊಂದು ಪಾತ್ರೆ, ನಾಲ್ಕು ತಟ್ಟೆ. ಒಂದೇ ಪಾತ್ರೆಯ ಊಟದಲ್ಲಿ ನಿನಗೆ ಉಳಿದದ್ದೇನು?"

ಮೊಣ್ಣಪ್ಪ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. "ತಟ್ಟೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಕ್ಕಾ. ಮೇ ತಿಂಗಳಿನಿಂದ ದಿನಕ್ಕೊಂದೇ ತೊಳೆದು ಬೇಜಾರಾಗಿದೆ."

ಮುತ್ತಮ್ಮಕ್ಕ ಏನೋ ಹೇಳಲು ಬಾಯಿ ತೆರೆದವರು ಸೆರಗು ಸಿಕ್ಕಿಸಿಕೊಂಡು ಬಚ್ಚಲಿಗೆ ಹೋದರು. ಹಿಂದೆಯೇ ಸುಬೇದಾರರು ಬೋಗುಣಿ ಹಿಡಿದು ಹೋದರು. ಭಟ್ಟರು ತಮ್ಮ ಡಬ್ಬಿಯನ್ನು ತಾವೇ ತೊಳೆಯುತ್ತೇನೆಂದು ಘೋಷಿಸಿ, ಸೋಪು ಯಾವುದೆಂದು ಕೇಳಿದರು.

ಐದು ಗಂಟೆಗೆ ಕರೆಂಟು ಬಂತು. ನಡುಮನೆಯಲ್ಲಿ ಟ್ರಾನ್ಸ್‌ಫಾರ್ಮರು ಮತ್ತೆ ಗುಂಯ್ ಎಂದಿತು. ಗುಂಡಿ ಆರಿಸುವುದನ್ನು ಯಾರೂ ನೆನಪಿಟ್ಟಿರಲಿಲ್ಲ. ಕೆಂಪು ದೀಪ ಹೊತ್ತಿಸಿಕೊಂಡು ಆ ಪಾತ್ರೆ ಏನೂ ಇಲ್ಲದ ತನ್ನ ಹೊಟ್ಟೆಯನ್ನು ನಿಧಾನವಾಗಿ ಬಿಸಿ ಮಾಡುತ್ತಾ ಕುಳಿತಿತ್ತು.

ಸುಬೇದಾರರು ಒದ್ದೆ ಕೈಯಲ್ಲೇ ಬಂದು ಮುಚ್ಚಳ ಎತ್ತಿ ನೋಡಿದರು.