‘ಡಿಫೆನ್ಸ್’ಗೆ ಕನ್ನಡದಲ್ಲಿ ಒಂದೇ ಪದ ಸಾಕಾ? ಅಮೆರಿಕದ ರಾಜ್ಯಗಳ ಕ್ರಿಮಿನಲ್ ಕಾನೂನು ಬರೆಯುವಾಗ ಎದ್ದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ನ್ಯೂಜೆರ್ಸಿಯಲ್ಲಿ ನಾವು ಕೆಲವರು ಸೇರಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇವೆ. ಇಲ್ಲಿಗೆ ಹೊಸದಾಗಿ ಬರುವ ಕನ್ನಡದವರಿಗೆ, ಅದರಲ್ಲೂ ಮಕ್ಕಳ ಮನೆಯಲ್ಲಿ ಕೆಲವು ತಿಂಗಳು ಇದ್ದು ಹೋಗಲು ಬರುವ ಅಪ್ಪ ಅಮ್ಮಂದಿರಿಗೆ, ಇಲ್ಲಿನ ಕ್ರಿಮಿನಲ್ ಕಾನೂನು ಸ್ಥೂಲವಾಗಿ ಹೇಗಿದೆ ಎಂದು ತಿಳಿಸುವುದಷ್ಟೇ ಉದ್ದೇಶ. ಆರೋಪಿ, ಜಾಮೀನು, ಸಾಕ್ಷಿ, ಪಾಟೀಸವಾಲು ಎಲ್ಲ ಸಲೀಸಾಗಿ ಬಂತು. ‘ಡಿಫೆನ್ಸ್’ ಹತ್ತಿರ ನಿಂತುಬಿಟ್ಟಿದ್ದೇವೆ.

ಡಿಫೆನ್ಸ್ ಲಾಯರ್ ಅಂದರೆ ಆರೋಪಿ ಪರ ವಕೀಲರು, ಅಲ್ಲಿ ತೊಂದರೆಯಿಲ್ಲ. ನಾನು ಕೇಳುತ್ತಿರುವುದು ಆರೋಪಿ ತನ್ನ ಪರವಾಗಿ ಮುಂದಿಡುವ ಕಾರಣಕ್ಕೆ ಏನನ್ನಬೇಕು ಎಂದು. ‘ರಕ್ಷಣೆ’ ಅಂದರೆ ಸೇನೆ, ಪೊಲೀಸ್ ನೆನಪಾಗುತ್ತದೆ. ‘ಪ್ರತಿವಾದ’ ಸಿವಿಲ್ ದಾವೆಯ ವಾಸನೆ ಹೊಡೆಯುತ್ತದೆ. ಕನ್ನಡದ ಕಾನೂನು ಪುಸ್ತಕಗಳಲ್ಲಿ ‘ಅಪವಾದ’ ಅನ್ನುವ ಪದ ಸಿಗುತ್ತದೆ. ನಮ್ಮ ಹಳೆಯ ಭಾರತೀಯ ದಂಡ ಸಂಹಿತೆಯ 4ನೇ ಅಧ್ಯಾಯದಲ್ಲಿ, 76ರಿಂದ 106ರವರೆಗಿನ ಕಲಮುಗಳಲ್ಲಿ ಇದ್ದದ್ದು ಇವೇ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 14ರಿಂದ 44ರವರೆಗೆ ಇವೆ. ವ್ಯಾಕರಣ ಓದಿದವರಿಗೆ ಅಪವಾದ ಅಂದರೆ ನಿಯಮಕ್ಕೆ ಹೊರತಾದದ್ದು, ಸರಿ. ಆದರೆ ಮನೆಯಲ್ಲಿ ‘ಅವನ ಮೇಲೆ ಸುಮ್ನೆ ಅಪವಾದ ಹೊರಿಸಿದರು’ ಅನ್ನುತ್ತೇವಲ್ಲ, ಅಲ್ಲಿ ಅದು ಆರೋಪಕ್ಕೇ ಹೆಸರು. ‘ಆರೋಪಿಗೆ ಅಪವಾದದ ಲಾಭ ಸಿಗುತ್ತದೆ’ ಎಂದು ಬರೆದರೆ ನಮ್ಮಮ್ಮನಂಥವರು ತಲೆ ಕೆಡಿಸಿಕೊಳ್ಳುತ್ತಾರೆ. ಹಾಗಾಗಿ ಇದು ಬೇಡ ಅನ್ನುವುದು ನನ್ನ ಅಭಿಪ್ರಾಯ, ಬೇಕು ಅನ್ನುವವರು ವಾದಿಸಿ.

ಅದಕ್ಕಿಂತ ದೊಡ್ಡ ಕಷ್ಟ ಬೇರೆ ಇದೆ. ಡಿಫೆನ್ಸ್ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಮಾತುಗಳಿವೆ. ‘ನಾನು ಆ ಅಪರಾಧ ಮಾಡೇ ಇಲ್ಲ’ ಅನ್ನುವುದು ಒಂದು. ‘ಮಾಡಿದೆ, ಆ ಹೊತ್ತಿಗೆ ಅದೇ ಸರಿ’ ಅನ್ನುವುದು ಇನ್ನೊಂದು. ‘ಮಾಡಿದೆ, ಅದು ತಪ್ಪೇ, ಆದರೆ ನನ್ನನ್ನು ದೂರುವ ಹಾಗಿಲ್ಲ’ ಅನ್ನುವುದು ಮೂರನೆಯದು. ಇವನ್ನು ಕ್ರಮವಾಗಿ ಅಲ್ಲಗಳೆತ, ಸಮರ್ಥನೆ, ವಿನಾಯಿತಿ ಎಂದು ಕರೆದು, ಒಟ್ಟು ಸೇರಿಸಿ ಹೇಳಬೇಕಾದಾಗ ‘ಡಿಫೆನ್ಸ್’ ಅಂತಲೇ ಇಟ್ಟುಕೊಂಡರೆ ಹೇಗೆ?

ಮೊದಲನೆಯದಕ್ಕೆ ಉದಾಹರಣೆ. ಅಂಗಡಿಯಲ್ಲಿ ಅಮ್ಮ ತಳ್ಳುಗಾಡಿ ತುಂಬಿಸಿದ್ದಾರೆ. ಮೇಲಿನ ಬುಟ್ಟಿಯಲ್ಲಿ ಹಾಲು, ಮೊಸರು, ಕೊತ್ತಂಬರಿ. ಕೆಳಗಿನ ತಟ್ಟೆಯಲ್ಲಿ ಅಕ್ಕಿ ಚೀಲ. ತಾವೇ ಬಿಲ್ ಮಾಡಿಕೊಳ್ಳುವ ಯಂತ್ರದ ಮುಂದೆ ಮೇಲಿನದನ್ನೆಲ್ಲ ಒಂದೊಂದಾಗಿ ತೋರಿಸುತ್ತಾರೆ, ಕೆಳಗಿನ ಚೀಲ ಮರೆತೇ ಹೋಗುತ್ತದೆ, ಬಾಗಿಲ ಹತ್ತಿರ ಕಾವಲಿನವನು ತಡೆಯುತ್ತಾನೆ. ಚೀಲ ಹೊರಗೆ ಬಂದದ್ದು ನಿಜ, ದುಡ್ಡು ಕೊಟ್ಟಿಲ್ಲದಿರುವುದೂ ನಿಜ. ಆದರೆ ನ್ಯೂಜೆರ್ಸಿಯ ಅಂಗಡಿ ಕಳ್ಳತನದ ಕಾನೂನಿಗೆ ಬೇಕೆಂದೇ ಮಾಡಿರಬೇಕು. ಅಪರಾಧ ಅನ್ನಿಸಿಕೊಳ್ಳಲು ಸಾಮಾನ್ಯವಾಗಿ ಎರಡು ಸೇರಬೇಕು: ಕೈ ಮಾಡಿದ ಕೆಲಸ, ಅದರ ಜೊತೆಗಿದ್ದ ಮನಸ್ಸು. ಮರೆವಿನಲ್ಲಿ ಆ ಮನಸ್ಸಿಲ್ಲ. ಇಲ್ಲಿ ಅಮ್ಮ ಕ್ಷಮೆ ಕೇಳುತ್ತಿಲ್ಲ, ವಿನಾಯಿತಿಯನ್ನೂ ಕೇಳುತ್ತಿಲ್ಲ. ಅಪರಾಧದ ಒಂದು ಅರ್ಧವೇ ಇಲ್ಲ ಅನ್ನುತ್ತಿದ್ದಾರೆ. ಅದೇ ಚೀಲವನ್ನು ಶಾಲಿನಡಿ ಮುಚ್ಚಿಟ್ಟಿದ್ದರೆ ಕಥೆ ಬೇರೆ, ಮುಚ್ಚಿಟ್ಟದ್ದನ್ನೇ ಉದ್ದೇಶದ ಗುರುತು ಎಂದು ಕಾನೂನು ಮೇಲ್ನೋಟಕ್ಕೆ ಹಿಡಿಯುತ್ತದೆ. ಇನ್ನು ‘ಇದು ಅಪರಾಧ ಅಂತ ಗೊತ್ತಿರಲಿಲ್ಲ’ ಅನ್ನುವ ಮಾತು ಇಲ್ಲೂ ನಡೆಯುವುದಿಲ್ಲ, ಊರಲ್ಲೂ ನಡೆಯುವುದಿಲ್ಲ.

ಈ ‘ಮನಸ್ಸು’ ಅನ್ನುವುದಕ್ಕೆ ನಾಲ್ಕು ಮೆಟ್ಟಿಲುಗಳಿವೆ. ಅಮೆರಿಕನ್ ಲಾ ಇನ್‌ಸ್ಟಿಟ್ಯೂಟ್ ಎಂಬ ಕಾನೂನು ತಜ್ಞರ ಸಂಸ್ಥೆ 1962ರಲ್ಲಿ ಒಂದು ಮಾದರಿ ದಂಡ ಸಂಹಿತೆ ಕೊಟ್ಟಿತು, ಈ ಮೆಟ್ಟಿಲುಗಳು ಅದರವು. ಅದು ತಾನಾಗಿ ಕಾನೂನಲ್ಲ, ಆದರೆ ಎಷ್ಟೋ ರಾಜ್ಯಗಳು ಅದನ್ನು ನೋಡಿಕೊಂಡು ತಮ್ಮ ಸಂಹಿತೆ ಬರೆದವು, ನ್ಯೂಜೆರ್ಸಿಯೂ ಸೇರಿ. ಮೊದಲ ಮೂರು ಮೆಟ್ಟಿಲಿಗೆ ‘ಬೇಕೆಂದೇ’, ‘ತಿಳಿದೂ’, ‘ಅಪಾಯ ಗೊತ್ತಿದ್ದೂ ಲೆಕ್ಕಿಸದೆ’ ಎಂದು ಹಾಕಿದ್ದೇನೆ. ನಾಲ್ಕನೆಯದು, ಅಪಾಯ ಹೊಳೆಯಬೇಕಿತ್ತು, ಹೊಳೆಯಲಿಲ್ಲ ಅನ್ನುವಂಥದ್ದು. ಅದಕ್ಕೆ ‘ಎಚ್ಚರಗೇಡಿತನ’ ಹೊಂದುತ್ತದಾ?

ಇದನ್ನು ಯಾಕೆ ಕೇಳುತ್ತೇನೆ ಅಂದರೆ, ನಮ್ಮ ಪೇಪರುಗಳಲ್ಲಿ, ಎಫ್‌ಐಆರ್‌ಗಳಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯಿಂದ ವಾಹನ ಚಲಾಯಿಸಿ’ ಅನ್ನುವ ಸಾಲು ಯಾಂತ್ರಿಕವಾಗಿ ಬರುತ್ತದೆ, ಮೂರನೆಯದೂ ನಾಲ್ಕನೆಯದೂ ಅದರಲ್ಲಿ ಕಲಸಿಹೋಗಿವೆ. ಇಲ್ಲಿ ಹಾಗೆ ಕಲಸಿದರೆ ಓದಿದವರಿಗೆ ತಪ್ಪು ತಿಳಿವಳಿಕೆ ಆಗುತ್ತದೆ. ಕುಡಿದಿಲ್ಲದ ಚಾಲಕನಿಂದ ಸಾವಾದರೆ ನ್ಯೂಜೆರ್ಸಿಯಲ್ಲಿ ವಾಹನದಿಂದಾದ ನರಹತ್ಯೆ ಎಂದು ಹಿಡಿಯಲು ಅವನು ಅಪಾಯ ಗೊತ್ತಿದ್ದೂ ಲೆಕ್ಕಿಸದೆ ಓಡಿಸಿದ್ದ ಎಂದು ತೋರಿಸಬೇಕು. ತೋರಿಸಿದರೆ ಅದು ಎರಡನೇ ದರ್ಜೆಯ ಅಪರಾಧ, 5ರಿಂದ 10 ವರ್ಷ ಜೈಲು. ಬರೀ ಎಚ್ಚರಗೇಡಿತನವಾದರೆ ಟ್ರಾಫಿಕ್ ಕೇಸಾಗಿ ಮುಗಿಯಬಹುದು. ಪಕ್ಕದ ನ್ಯೂಯಾರ್ಕಿನಲ್ಲಾದರೋ ವಿಪರೀತ ಎಚ್ಚರಗೇಡಿತನದಿಂದಾದ ಸಾವಿಗೂ ಬೇರೆಯೇ ಒಂದು ನರಹತ್ಯೆಯ ಕಲಮು ಇದೆ. ನದಿ ದಾಟಿದರೆ ಕಾನೂನೇ ಬದಲು. ಇಲ್ಲಿ 50 ರಾಜ್ಯಕ್ಕೂ ಒಂದೊಂದು ಸಂಹಿತೆ, ನಮ್ಮ ಹಾಗೆ ದೇಶಕ್ಕೆಲ್ಲ ಒಂದೇ ಅಲ್ಲ.

ಇದೇ ಕಾರಣಕ್ಕೆ ‘ಫೆಲನಿ’ಯನ್ನು ‘ಘೋರ ಅಪರಾಧ’ ಎಂದು ಅನುವಾದಿಸುವುದನ್ನು ದಯವಿಟ್ಟು ಬಿಡೋಣ. ಸಾಮಾನ್ಯವಾಗಿ ಒಂದು ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಆಗಬಹುದಾದದ್ದು ಫೆಲನಿ, ಅಷ್ಟೇ. ಟೆಕ್ಸಾಸಿನಲ್ಲಿ 2,500 ಡಾಲರಿನ ವಸ್ತು ಕದ್ದರೂ ಫೆಲನಿ, ಅದರಲ್ಲಿ ಘೋರ ಏನಿದೆ? ನ್ಯೂಜೆರ್ಸಿಯಲ್ಲಂತೂ ಸಂಹಿತೆ ಈ ಪದವನ್ನೇ ಕೈಬಿಟ್ಟಿದೆ, ನಾಲ್ಕು ದರ್ಜೆಯ ‘ಕ್ರೈಮ್’ಗಳಿವೆ, ಅದರ ಕೆಳಗೆ ಆರು ತಿಂಗಳವರೆಗೆ ಶಿಕ್ಷೆ ಇರುವ ಚಿಕ್ಕ ಅಪರಾಧಗಳಿವೆ. 200 ಡಾಲರಿಗಿಂತ ಕಡಿಮೆಯ ಅಂಗಡಿ ಕಳ್ಳತನ ಆ ಚಿಕ್ಕದರಲ್ಲಿ ಬರುತ್ತದೆ.

ಎರಡನೆಯದು ಸಮರ್ಥನೆ. ಇದರಲ್ಲಿ ಎಲ್ಲರಿಗೂ ಗೊತ್ತಿರುವುದು ಆತ್ಮರಕ್ಷಣೆ. ಪದ ಚೆನ್ನಾಗಿದೆ, ಬದಲಾಯಿಸುವ ಅಗತ್ಯವಿಲ್ಲ. ತೊಂದರೆ ಇರುವುದು 2005ರಲ್ಲಿ ಫ್ಲಾರಿಡಾ ತಂದ, ಆಮೇಲೆ ಬೇಕಾದಷ್ಟು ರಾಜ್ಯಗಳು ಹಿಡಿದ ಕಾನೂನಿಗೆ ಹೆಸರು ಕೊಡುವುದರಲ್ಲಿ. ಹಳೆಯ ನಿಯಮ ಹಲವು ರಾಜ್ಯಗಳಲ್ಲಿ ಹೀಗಿತ್ತು: ಪ್ರಾಣ ತೆಗೆಯುವಂಥ ಏಟು ಕೊಡುವ ಮೊದಲು, ಸುರಕ್ಷಿತವಾಗಿ ತಪ್ಪಿಸಿಕೊಂಡು ಹೋಗಲು ದಾರಿ ಇದ್ದರೆ ಹೋಗಬೇಕು; ಸ್ವಂತ ಮನೆಯೊಳಗಿದ್ದರೆ ಆ ಕಟ್ಟುಪಾಡಿಲ್ಲ. ನ್ಯೂಜೆರ್ಸಿ, ನ್ಯೂಯಾರ್ಕ್ ಈಗಲೂ ಹಾಗೇ ಇವೆ. ಫ್ಲಾರಿಡಾ ಈ ‘ಹೋಗಬೇಕು’ ಅನ್ನುವುದನ್ನು ಬೀದಿಯಲ್ಲೂ ತೆಗೆದುಹಾಕಿತು. ಇದನ್ನು ‘ಗುಂಡು ಹಾರಿಸುವ ಹಕ್ಕು’ ಅಂದರೆ ಅರ್ಥವೇ ಕೆಟ್ಟುಹೋಗುತ್ತದೆ. ಅಪಾಯ ಎದುರಿಗೇ ಇದೆ ಎಂದು ನಂಬಲು ಸಕಾರಣ ಇರಬೇಕು, ತಾನಾಗಿ ಜಗಳ ತೆಗೆದವನಿಗೆ ಸುಲಭಕ್ಕೆ ಸಿಗುವುದಿಲ್ಲ, ಅವೆಲ್ಲ ಹಾಗೇ ಉಳಿದಿವೆ. ನಾನು ‘ಹಿಂದೆ ಸರಿಯಬೇಕಿಲ್ಲದ ನಿಯಮ’ ಎಂದು ಬರೆದಿದ್ದೇನೆ. ಉದ್ದವಾಯಿತು, ಚಿಕ್ಕದಿದ್ದರೆ ಕೊಡಿ.

ಮೂರನೆಯದು ವಿನಾಯಿತಿ. ಇದರಲ್ಲಿ ಮೊದಲು ಬರುವುದು ಮನಸ್ಸಿನ ಕಾಯಿಲೆಯ ಕಾರಣ ಹೇಳುವ ಡಿಫೆನ್ಸ್. ಅದಕ್ಕೆ ‘ಹುಚ್ಚು’, ‘ಮಾನಸಿಕ ಅಸ್ವಸ್ಥ’ ಎರಡೂ ಬೇಡ. ಇಂಗ್ಲೆಂಡಿನಲ್ಲಿ 1843ರ ಮೆಕ್‌ನಾಟನ್ ಪ್ರಕರಣದಿಂದ ಬಂದ ಪರೀಕ್ಷೆ ಕೇಳುವುದು ಇಷ್ಟೇ: ಮನಸ್ಸಿನ ಕಾಯಿಲೆಯಿಂದಾಗಿ ತಾನು ಏನು ಮಾಡುತ್ತಿದ್ದೇನೆ ಅನ್ನುವುದು, ಅಥವಾ ಅದು ತಪ್ಪು ಅನ್ನುವುದು, ಅವನಿಗೆ ತಿಳಿಯದೇ ಹೋಗಿತ್ತಾ? ನಮ್ಮ ಹಳೆಯ 84ನೇ ಕಲಮು, ಈಗಿನ 22, ಇದರದ್ದೇ ನೆರಳು. ವೈದ್ಯರು ಕಾಯಿಲೆ ಇದೆ ಅಂದ ಮಾತ್ರಕ್ಕೆ ಕಾನೂನು ಒಪ್ಪುವುದಿಲ್ಲ. ಒಪ್ಪಿದರೂ ಸಾಮಾನ್ಯವಾಗಿ ಅವನು ನೇರ ಮನೆಗೆ ಹೋಗುವುದಿಲ್ಲ, ಆಸ್ಪತ್ರೆಗೆ ಹೋಗುತ್ತಾನೆ. ಕಾನ್ಸಾಸ್, ಮೊಂಟಾನಾ, ಐಡಾಹೊ, ಯೂಟಾ ಈ ಹಳೆಯ ವಿನಾಯಿತಿಯನ್ನೇ ತೆಗೆದಿವೆ. ಕಾನ್ಸಾಸ್ ತೆಗೆದದ್ದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಅಲ್ಲೂ ಕಾಯಿಲೆಯಿಂದ ಉದ್ದೇಶವೇ ಇರಲಿಲ್ಲ ಎಂದು ವಾದಿಸಬಹುದು. ಅಂದರೆ ಅದು ವಿನಾಯಿತಿಯಿಂದ ಅಲ್ಲಗಳೆತಕ್ಕೆ ಜಾರಿತು. ಒಂದೇ ಪದ ಇಟ್ಟುಕೊಂಡರೆ ಈ ಜಾರಿದ್ದನ್ನು ಹೇಳುವುದು ಹೇಗೆ?

ಬೆದರಿಕೆಗೆ ಸಿಕ್ಕಿ ಮಾಡಿದ್ದು, ಬೇರೆ ದಾರಿಯಿಲ್ಲದೆ ಮಾಡಿದ್ದು ಇವಕ್ಕೆ ‘ಬಲವಂತ’, ‘ಅನಿವಾರ್ಯ’ ಸಾಕು ಅನ್ನಿಸುತ್ತದೆ.

ಕಾಡುತ್ತಿರುವ ಇನ್ನೊಂದು ಪದ, ಪೊಲೀಸರೇ ಅಪರಾಧಕ್ಕೆ ಎಳೆದರು ಅನ್ನುವ ಡಿಫೆನ್ಸ್. ಮೊದಲು ಬಾಯಿಗೆ ಬರುವುದು ‘ಬಲೆ’. ಆದರೆ ಕರ್ನಾಟಕದವರಿಗೆ ಬಲೆ ಅಂದರೆ ಲೋಕಾಯುಕ್ತ! ಲಂಚ ಕೇಳಿದ ಅಧಿಕಾರಿಗೆ ಫಿನಾಲ್ಫ್ಥಲೀನ್ ಪುಡಿ ಸವರಿದ ನೋಟು ಕೊಡಿಸಿ, ಆಮೇಲೆ ಕೈ ಅದ್ದಿಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುವುದು, ಮಾರನೇ ದಿನ ‘ಲೋಕಾಯುಕ್ತ ಬಲೆಗೆ’ ಎಂಬ ತಲೆಬರಹ. ಆ ಬಲೆ ಸರಿಯಾದ ತನಿಖೆ, ಲಂಚದ ಆಸೆ ಮೊದಲೇ ಇತ್ತು. ಇಲ್ಲಿ ಹೇಳುತ್ತಿರುವುದು ಇಲ್ಲದ ಆಸೆಯನ್ನು ಪೊಲೀಸರೇ ಹುಟ್ಟಿಸಿದರು ಅಂತ. ಎಷ್ಟೋ ರಾಜ್ಯಗಳು ಆರೋಪಿಗೆ ಮೊದಲೇ ಒಲವಿತ್ತಾ ಎಂದು ನೋಡುತ್ತವೆ, ಕ್ಯಾಲಿಫೋರ್ನಿಯಾ 1979ರಿಂದ ಪೊಲೀಸರ ನಡತೆ ಹೇಗಿತ್ತು ಎಂದು ನೋಡುತ್ತದೆ. ‘ಚಿತಾವಣೆ’ ಅನ್ನೋಣವಾ? ‘ಪೊಲೀಸರ ಚಿತಾವಣೆಯಿಂದ ಮಾಡಿದ್ದು’ ಅಂದಾಗ ಕಿವಿಗೆ ಸರಿ ಕೇಳುತ್ತದೆ, ಆದರೂ ಬೇರೆಯವರ ಅಭಿಪ್ರಾಯ ಬೇಕು.

ಇನ್ನು ರುಜುವಾತಿನ ಹೊಣೆ. ಅಪರಾಧದ ಪ್ರತಿ ಅಂಶವನ್ನೂ ಸರ್ಕಾರವೇ ಸಕಾರಣ ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತು ಮಾಡಬೇಕು ಎಂದು ಸುಪ್ರೀಂ ಕೋರ್ಟ್ 1970ರಲ್ಲಿ ಖಚಿತ ಮಾಡಿತು. ಹಾಗಾಗಿ ಅಲ್ಲಗಳೆಯುವವನು ಏನನ್ನೂ ಸಾಬೀತು ಮಾಡಬೇಕಿಲ್ಲ. ಆದರೆ ಸಮರ್ಥನೆ, ವಿನಾಯಿತಿಗಳ ಹೊಣೆಯನ್ನು ರಾಜ್ಯ ಆರೋಪಿಯ ಮೇಲೆ ಹಾಕಬಹುದು. ಓಹಾಯೊದಲ್ಲಿ ಆತ್ಮರಕ್ಷಣೆಯನ್ನೂ ಆರೋಪಿಯೇ ರುಜುವಾತು ಮಾಡಬೇಕಿತ್ತು, 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತ್ತು ಕೂಡ. 2019ರಲ್ಲಿ ಆ ರಾಜ್ಯವೇ ಕಾನೂನು ಬದಲಿಸಿ, ಆತ್ಮರಕ್ಷಣೆಗೆ ಒಂದಿಷ್ಟು ಸಾಕ್ಷ್ಯ ಬಂದ ಮೇಲೆ ಅದು ಸುಳ್ಳು ಎಂದು ತೋರಿಸುವ ಕೆಲಸ ಸರ್ಕಾರದ್ದು ಎಂದಿತು. ಆರೋಪಿ ಮೇಲೆ ಹೊಣೆ ಬಿದ್ದಾಗಲೂ ಸಾಮಾನ್ಯವಾಗಿ ತಕ್ಕಡಿ ಒಂಚೂರು ಅವನ ಕಡೆ ವಾಲಿದರೆ ಸಾಕು. ಇದಕ್ಕೆ ‘ಸಂಭವನೀಯತೆಯ ಪ್ರಾಬಲ್ಯ’ ಎಂದು ಒಂದು ಅನುವಾದದಲ್ಲಿ ನೋಡಿದೆ, ಉಸಿರು ಕಟ್ಟಿತು. ‘ಹೆಚ್ಚು ನಂಬುವಂತಿದ್ದರೆ ಸಾಕು’ ಎಂದು ಬಿಡಿಸಿ ಬರೆದರೆ ಯಾರಿಗಾದರೂ ಆಕ್ಷೇಪ ಇದೆಯಾ?

ನಡುವೆ ಇನ್ನೊಂದು ವಿಷಯ. ‘ಫಿರ್ಯಾದಿ’ ಪದ ಬಳಸಿದರೆ ದೂರು ಕೊಟ್ಟವರೇ ಕೇಸಿನ ಯಜಮಾನರು ಅನ್ನಿಸುತ್ತದೆ. ಇಲ್ಲಿ ಕೇಸಿನ ಹೆಸರು ನ್ಯೂಜೆರ್ಸಿಯಲ್ಲಿ ‘ಸ್ಟೇಟ್’ ವಿರುದ್ಧ ಇಂಥವರು, ನ್ಯೂಯಾರ್ಕಿನಲ್ಲಿ ‘ಪೀಪಲ್’, ಪೆನ್ಸಿಲ್ವೇನಿಯಾದಲ್ಲಿ ‘ಕಾಮನ್‌ವೆಲ್ತ್’. ಗಂಡ ಹೆಂಡತಿ ಜಗಳದಲ್ಲಿ ಪೊಲೀಸರನ್ನು ಕರೆದು, ಬೆಳಗ್ಗೆ ‘ರಾಜಿ ಆಯ್ತು, ದೂರು ವಾಪಸ್’ ಅಂದರೆ ಕೇಸು ತಾನಾಗಿ ಮುಗಿಯುವುದಿಲ್ಲ, ಅದು ಪ್ರಾಸಿಕ್ಯೂಟರ್ ಕೈಯಲ್ಲಿರುತ್ತದೆ. ಕೈಪಿಡಿಯಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಿದ್ದೇವೆ, ‘ದೂರುದಾರರು’ ಅನ್ನುವ ಪದ ಬಳಸಿ.

ಕೊನೆಯದು ತೀರ್ಪಿನ ಪದ. ‘ನಾಟ್ ಗಿಲ್ಟಿ’ಯನ್ನು ‘ನಿರ್ದೋಷಿ’ ಅನ್ನುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರ ತಂಡ, ಹೇಳಿದ್ದು ಸರ್ಕಾರ ರುಜುವಾತು ಮಾಡಲಿಲ್ಲ ಅಂತ, ಇವನು ಏನೂ ಮಾಡಿಲ್ಲ ಅಂತಲ್ಲ. ‘ಖುಲಾಸೆ’ ಹತ್ತಿರ ಬರುತ್ತದೆ, ಆದರೆ ಅದು ಬಿಟ್ಟುಬಿಡುವುದಕ್ಕೆ ಹೆಸರು, ಜ್ಯೂರಿಯ ಬಾಯಿಂದ ಬರುವ ಮಾತಿಗಲ್ಲ. ‘ದೋಷ ರುಜುವಾತಾಗಿಲ್ಲ’ ಎಂದು ಸದ್ಯಕ್ಕೆ ಇಟ್ಟಿದ್ದೇನೆ. ಈ ಬಳಗದಲ್ಲಿ ಕೋರ್ಟುಗಳಲ್ಲಿ ಕೆಲಸ ಮಾಡುವವರು ಇದ್ದರೆ, ತಾಲ್ಲೂಕು ಕೋರ್ಟುಗಳಲ್ಲಿ ಕನ್ನಡದಲ್ಲಿ ತೀರ್ಪು ಬರೆಯುವಾಗ ಬಿಡುಗಡೆಯ ಆ ಕೊನೆಯ ಸಾಲನ್ನು ಹೇಗೆ ಬರೆಯುತ್ತಾರೆ ಎಂದು ಇದ್ದದ್ದು ಇದ್ದ ಹಾಗೆ ಕಳಿಸಿಕೊಡಿ, ಹೆಸರುಗಳನ್ನು ತೆಗೆದು.