ಸಹಾಯ ಬೇಕು: ಇಎನ್ 31 ಪಿನ್ ಗಟ್ಟಿ ಆಗುತ್ತಿದೆ, ಬಾಳಿಕೆ ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಲೇತ್ ವರ್ಕ್‌ಶಾಪ್ ಇದೆ. ತೊಗರಿ ಬೇಳೆ ಮಿಲ್ಲುಗಳಿಗೆ ರೋಲರ್ ಪಿನ್ ಮಾಡಿಕೊಡುತ್ತೇನೆ. ಸ್ಟೀಲು ಇಎನ್ 31, ಅಂದರೆ ಬೇರಿಂಗ್ ಸ್ಟೀಲೇ.

840 ಡಿಗ್ರಿಗೆ ಕಾಯಿಸಿ, ಅರ್ಧ ಗಂಟೆ ಇಟ್ಟು, ಎಣ್ಣೆಗೆ ಹಾಕುತ್ತೇನೆ. ತಡಮಾಡದೆ 170 ಡಿಗ್ರಿಯಲ್ಲಿ ಎರಡು ಗಂಟೆ ಟೆಂಪರಿಂಗ್ (ಪೆಡಸುತನ ಕಡಿಮೆ ಮಾಡಲು ಮತ್ತೆ ಕಾಯಿಸುವುದು). ಗ್ರೈಂಡಿಂಗ್ ಆದ ಮೇಲೆ ಹಾರ್ಡ್‌ನೆಸ್ 61 ಎಚ್‌ಆರ್‌ಸಿ (ರಾಕ್‌ವೆಲ್ ಅಳತೆ) ಬರುತ್ತದೆ. ಆದರೂ ಸೀಸನ್ ಮುಗಿಯುವ ಮೊದಲೇ ಪಿನ್ ವಾಪಸ್! ಲೋಡ್ ಬೀಳುವ ಜಾಗದಲ್ಲಿ ಮಾತ್ರ ಸಾಸಿವೆ ಕಾಳಿನಷ್ಟು ಗುಂಡಿಗಳು, ಅಂಚಿನಲ್ಲಿ ಚಕ್ಕೆ ಎದ್ದಿರುತ್ತದೆ. ಇದು ಸವೆತ ಅಲ್ಲ, ಫೆಟೀಗ್ (ಮತ್ತೆ ಮತ್ತೆ ಲೋಡ್ ಬಿದ್ದು ಲೋಹ ಬಿರಿಯುವುದು) ಅಲ್ವಾ?

ಎಣ್ಣೆ ಬದಲಿಸಿದೆ. ಸ್ಟೀಲು ಬೇರೆ ಕಡೆಯಿಂದ ತಂದೆ. ಟೆಂಪರಿಂಗ್ 200ಕ್ಕೆ ಏರಿಸಿದೆ, ಹಾರ್ಡ್‌ನೆಸ್ ಇಳಿಯಿತೇ ಹೊರತು ಬಾಳಿಕೆ ಹೆಚ್ಚಲಿಲ್ಲ.

ನನಗೆ ಅನುಮಾನ ಇರುವುದು ಫರ್ನೇಸ್ ಮೇಲೆ. ಒಳಗೆ ಬರೀ ಗಾಳಿ, ಮೇಲ್ಪದರದ ಕಾರ್ಬನ್ ಸುಟ್ಟುಹೋಗಿ ಅದು ಮೆತ್ತಗಾಗುತ್ತದೆ. ಗ್ರೈಂಡಿಂಗ್‌ಗೆ ಮುಂಚೆ ಅರ ಇಟ್ಟು ಉಜ್ಜಿದರೆ ಸಲೀಸಾಗಿ ಕಚ್ಚುತ್ತದೆ. ನಾನು ತೆಗೆಯುವುದು ಬದಿಗೆ 0.15 ಮಿ.ಮೀ. ಅಷ್ಟೇ. ಮೆತ್ತನೆ ಪದರ ತೆಳುವಾಗಿ ಉಳಿದಿದ್ದರೆ ರಾಕ್‌ವೆಲ್‌ನಲ್ಲಿ ಗೊತ್ತಾಗದೆಯೂ ಇರಬಹುದು.

ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ: ಬದಿಗೆ 0.4 ಮಿ.ಮೀ. ಬಿಟ್ಟುಕೊಂಡು ಗ್ರೈಂಡ್ ಮಾಡಿದರೆ ಸಾಕಾ, ಇಲ್ಲಾ ಸಾಲ್ಟ್ ಬಾತ್‌ನಲ್ಲಿ (ಕರಗಿದ ಉಪ್ಪಿನ ತೊಟ್ಟಿ) ಬೈನೈಟ್ (ಸ್ಟೀಲಿನ ಗಟ್ಟಿ, ಆದರೆ ಸುಲಭವಾಗಿ ಬಿರಿಯದ ಒಳರಚನೆ) ಮಾಡಿಸಲೇಬೇಕಾ?