ನಮ್ಮ ಕಬ್ಬಿನ ಗದ್ದೆ ಯೂರಿಯಾದಿಂದ ಸಮುದ್ರದ ಹವಳ ಸಾಯುತ್ತಾ?

ಪಾಂಡವಪುರದ ಕಬ್ಬು ಬೆಳೆಗಾರ:
ಎಲ್ಲರಿಗೂ ನಮಸ್ಕಾರ. ವಿಶ್ವೇಶ್ವರಯ್ಯ ನಾಲೆ ನೀರಲ್ಲಿ ಎರಡು ಎಕರೆ ಕಬ್ಬು ಬೆಳೆಯುತ್ತೇನೆ. ಸಮುದ್ರ ನೋಡಿದ್ದು ಒಂದೇ ಸಲ, ಮುರುಡೇಶ್ವರಕ್ಕೆ ಹೋದಾಗ. ಮಗಳು ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ಹವಳದ ದಿಬ್ಬಗಳ (ಹವಳ ಅನ್ನೋ ಪುಟ್ಟ ಜೀವಿಗಳು ಕಡಲ ತಳದಲ್ಲಿ ಕಟ್ಟುವ ದಿಬ್ಬ) ಬಗ್ಗೆ ಮಾತಾಡಬೇಕಂತೆ. ಮೊನ್ನೆ ರಾತ್ರಿ ಓದುತ್ತಾ ಕೂತಿದ್ದವಳು, "ಅಪ್ಪ, ಆಸ್ಟ್ರೇಲಿಯಾದಲ್ಲಿ ಕಬ್ಬಿನ ಗದ್ದೆ ಗೊಬ್ಬರ ಹರಿದು ಹವಳ ಹಾಳಾಗ್ತಿದೆಯಂತೆ. ನಮ್ಮದೂ ಹಂಗೇ ಹೋಗುತ್ತಾ?" ಅಂದಳು. ನನಗೆ ಉತ್ತರ ಗೊತ್ತಿರಲಿಲ್ಲ. ಅವತ್ತು ಬೆಳಿಗ್ಗೆ ತಾನೇ ಕೂಳೆ ಕಬ್ಬಿಗೆ ಎರಡು ಮೂಟೆ ಯೂರಿಯಾ ಎರಚಿ ನೀರು ಬಿಟ್ಟಿದ್ದೆ. ಸಂಜೆಗೆ ನೀರು ಬದು ದಾಟಿ ಹಳ್ಳಕ್ಕೆ ಇಳಿದಿತ್ತು. ರಾತ್ರಿಯೆಲ್ಲ ಅದೇ ಯೋಚನೆ. ತಿಳಿದವರು ಹೇಳಿ. ತಪ್ಪಿದ್ದರೆ ತಿದ್ದಿಕೊಳ್ಳುತ್ತೇನೆ.

ಮೈಸೂರಿನ ನಿವೃತ್ತ ವಿಜ್ಞಾನ ಮೇಷ್ಟ್ರು:
ಮಗಳು ಓದಿದ್ದು ನಿಜ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯಲ್ಲಿ ಕಬ್ಬೇ ಕಬ್ಬು. ಮಳೆಗೆ ಗೊಬ್ಬರ ತೊಳೆದು ಗ್ರೇಟ್ ಬ್ಯಾರಿಯರ್ ರೀಫ್ ಎಂಬ ದೊಡ್ಡ ಹವಳದ ದಿಬ್ಬಗಳ ಸಾಲು ಇರುವ ಕಡಲಿಗೇ ಸೇರುತ್ತದೆ. ಆಗ ಸೂಕ್ಷ್ಮ ಪಾಚಿ ಹೆಚ್ಚುತ್ತದೆ. ಅದನ್ನು ತಿಂದು ಮುಳ್ಳಿನ ನಕ್ಷತ್ರಮೀನಿನ ಮರಿಗಳು ಜಾಸ್ತಿ ಬದುಕುತ್ತವೆ, ದೊಡ್ಡದಾದ ಮೇಲೆ ಹವಳವನ್ನೇ ತಿನ್ನುತ್ತವೆ. ಅಲ್ಲಿ ಜನ ನೀರೊಳಗೆ ಇಳಿದು ಆ ಮೀನುಗಳಿಗೆ ಒಂದೊಂದಾಗಿ ವಿನೆಗರ್ ಚುಚ್ಚಿ ಸಾಯಿಸುತ್ತಾರೆ. ಎಷ್ಟು ತಾಳ್ಮೆಯ ಕೆಲಸ ನೋಡಿ.

ನಿಮ್ಮ ಹಳ್ಳದ ನೀರು ಕಾವೇರಿ ಸೇರಿ, ಮೆಟ್ಟೂರು ದಾಟಿ, ತಂಜಾವೂರಿನ ಗದ್ದೆಗಳಿಗೆ ಹಂಚಿಹೋಗುತ್ತದೆ. ಉಳಿದದ್ದು ಪೂಂಪುಹಾರ್ ಹತ್ತಿರ ಕಡಲಿಗೆ. ತಮಿಳುನಾಡು, ಶ್ರೀಲಂಕಾ ನಡುವಿನ ಮನ್ನಾರ್ ಕೊಲ್ಲಿಯ ಹವಳ ಅಲ್ಲಿಂದ ಬಹಳ ದಕ್ಷಿಣಕ್ಕಿದೆ. ಅದು ಹಾಳಾಗಿದ್ದಕ್ಕೆ ನಿಮ್ಮ ಮೂಟೆ ಕಾರಣ ಅಲ್ಲ. ಅಲ್ಲಿ ಸುಣ್ಣಕ್ಕೆ ಅಂತ ಹವಳವನ್ನೇ ಅಗೆದು ಸಾಗಿಸಿದರು. 21 ದ್ವೀಪಗಳಲ್ಲಿ ಎರಡು ಮುಳುಗಿಯೇ ಹೋದವು. 1986ರಲ್ಲಿ ರಾಷ್ಟ್ರೀಯ ಉದ್ಯಾನ ಆದಮೇಲೂ ಅಗೆತ ನಿಲ್ಲಲಿಲ್ಲ. 2001ರಲ್ಲಿ ಹವಳವನ್ನು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದರು, ಹುಲಿ ಇರುವ ಪಟ್ಟಿ ಅದು. ಶೋಕೇಸಿಗೆ ಅಂತ ಬಿಳಿ ಹವಳದ ತುಂಡು ಯಾರಾದರೂ ಮಾರಲು ಬಂದರೆ ದಯವಿಟ್ಟು ಕೊಳ್ಳಬೇಡಿ.

ಕುವೆಂಪುನಗರದ ಹುಡುಗ:
ಅಣ್ಣ, ಮುರುಡೇಶ್ವರದಿಂದ ಬೋಟಲ್ಲಿ ಹೋದರೆ ನೇತ್ರಾಣಿ ದ್ವೀಪ. ಅಲ್ಲಿ ಹವಳ ಇದೆ, ನಾನು ಎರಡು ಸಲ ಇಳಿದಿದ್ದೇನೆ. ಮೊದಲ ಸಲ ಫೋಟೋ ಆಸೆಗೆ ಹವಳದ ಮೇಲೆ ಕಾಲೂರಿದೆ. ಮುರಿದದ್ದು ಕಾಲಿಗೇ ಗೊತ್ತಾಯಿತು. ಗುಂಡು ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ ಅಂತ ಆಮೇಲೆ ಓದಿದೆ. ಇವತ್ತಿಗೂ ಬೇಜಾರಿದೆ. ಬೋಟಿನ ಲಂಗರು ಬಿದ್ದರಂತೂ ಇನ್ನೂ ಜಾಸ್ತಿ ಹಾಳು. ತಳಕ್ಕೆ ಕಾಯಂ ಬಿಗಿದ ತೇಲುವ ಬೋಯಾ ಇದ್ದರೆ ಅದಕ್ಕೆ ಹಗ್ಗ ಕಟ್ಟಿದರೆ ಸಾಕು, ಲಂಗರೇ ಬೇಡ.

ಮದ್ದೂರಿನ ರೈತ ಮಹಿಳೆ:
ಹವಳಕ್ಕೆ ಹೋಗಲಿಲ್ಲ ಅಂದರೂ ಹಳ್ಳಕ್ಕೆ ಹೋಯಿತಲ್ವಾ ಅಣ್ಣ? ಕೆರೆ ತುಂಬ ಕಳೆ ಬೆಳೆಯೋದು ಇದರಿಂದಲೂ. ಯೂರಿಯಾ ಒಂದೇ ಸಲ ಎರಚಬೇಡಿ. ಮೂರ್ನಾಲ್ಕು ಕಂತು ಮಾಡಿ, ಬುಡದ ಪಕ್ಕ ಹಾಕಿ ಮಣ್ಣು ಮುಚ್ಚಿ. ತರಗು ಸುಡದೆ ಸಾಲಿನ ಮಧ್ಯೆ ಹರಡಿ. ನಾನು ಹಾಗೆ ಮಾಡಿದ ಮೇಲೆ ಮಣ್ಣು ಕೊಚ್ಚಿಹೋಗೋದು ನಿಂತಿದೆ. ಆಸ್ಟ್ರೇಲಿಯಾದ ರೈತರೂ ತರಗನ್ನು ಹಾಗೇ ನೆಲಕ್ಕೆ ಹೊದಿಸುತ್ತಾರೆ.

ಪಾಂಡವಪುರದ ಕಬ್ಬು ಬೆಳೆಗಾರ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಬದು ಎತ್ತರಿಸುತ್ತೇನೆ, ಈ ಸಲ ತರಗಿಗೆ ಬೆಂಕಿ ಇಡಲ್ಲ. ಮಗಳು ಪಕ್ಕದಲ್ಲೇ ಕೂತು ಬರೆದುಕೊಳ್ಳುತ್ತಿದ್ದಾಳೆ. ಅವಳದೊಂದು ಪ್ರಶ್ನೆ: ಬೆಳ್ಳಗಾದ ಹವಳಕ್ಕೆ ಮತ್ತೆ ಬಣ್ಣ ಬರುತ್ತಾ?

ಮೈಸೂರಿನ ನಿವೃತ್ತ ವಿಜ್ಞಾನ ಮೇಷ್ಟ್ರು:
ಬರುತ್ತದೆ ಮಗು. ಹವಳದ ಮೈಯೊಳಗೆ ಪಾಚಿ ಇರುತ್ತದೆ, ಬಣ್ಣ ಅದರದು, ಊಟವನ್ನೂ ಬಹುಪಾಲು ಅದೇ ಕೊಡುತ್ತದೆ. ಕಡಲ ನೀರಿನ ಬಿಸಿ ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ಇದ್ದರೆ ಹವಳ ಆ ಪಾಚಿಯನ್ನು ಹೊರಹಾಕುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016, ಮತ್ತೆ 2024ರಲ್ಲಿ ಹೀಗಾಯಿತು. ಬಿಸಿ ಬೇಗ ಇಳಿದರೆ ಪಾಚಿ ವಾಪಸ್ ಬರುತ್ತದೆ. ಕೊಳಕು ನೀರು, ಬಲೆ, ಲಂಗರಿನ ಕಾಟ ಇಲ್ಲದ ಕಡೆ ಹವಳ ಬೇಗ ಚೇತರಿಸಿಕೊಳ್ಳುತ್ತದೆ. ಇದನ್ನು ಶಾಲೆಯಲ್ಲಿ ಖಂಡಿತ ಹೇಳು.